ಬಿಸಿಲೂರಿನವರು ರಣ್‌ಗೆ ಹೊರಟಾಗ

ಕಲಬುರಗಿಯವರಿಗೆ ಮರುಭೂಮಿ ತೋರಿಸುತ್ತೇನೆ ಅಂದರೆ ಯಾರಾದರೂ ನಕ್ಕೇ ನಗುತ್ತಾರೆ. ನಮ್ಮ ಮಾಮಾ ಅಂತೂ, "ಮೇ ತಿಂಗಳದಾಗ ಮಧ್ಯಾಹ್ನ ಎರಡಕ್ಕ ನಮ್ಮ ಊರ ಸೂಪರ್ ಮಾರ್ಕೆಟ್ ಬಜಾರದಾಗ ನಿಂದ್ರು ಅಳಿಯಾ, ಅಲ್ಲೇ ಅದ ಮರುಭೂಮಿ, ರೊಕ್ಕ ಯಾಕ ಹಾಳ ಮಾಡ್ತಿ" ಅಂದರು. ಆದರೆ ಹೊರಡುವ ಹನ್ನೊಂದು ಮಂದಿಯ ಪಟ್ಟಿಯಲ್ಲಿ ಮೊದಲು ಹೆಸರು ಬರೆಸಿದವರೂ ಅವರೇ.

ಎಳ್ಳಮಾಸಿ ಮುಗಿಸಿಕೊಂಡು ಹೊರಟೆವು. ಕಛ್‌ನ ಚಿಕ್ಕ ರಣ್ (ರಣ್ ಅಂದರೆ ಗುಜರಾತಿನ ಉಪ್ಪುನೆಲದ ಬಯಲು), ಧೋಳಾವೀರಾ, ಬಿಳಿ ರಣ್, ಭುಜ್, ಅಲ್ಲಿಂದ ಜೈಸಲ್ಮೇರ್, ಫಲೋದಿ, ಜೋಧಪುರ. ಅಹಮದಾಬಾದಿನಿಂದ ಜೋಧಪುರದವರೆಗೆ ಒಂದೇ ಟೆಂಪೊ ಟ್ರಾವೆಲರ್, ಒಂಬತ್ತು ದಿನ. ರೈಲಿನ ಓಡಾಟ ಸೇರಿಸಿದರೆ ಮನೆಯಿಂದ ಮನೆಗೆ ಹದಿಮೂರು ದಿನ. ನಮ್ಮ ಕಡೆಯಿಂದ ಇದೇ ದಾರಿ ಹಿಡಿಯುವವರು ನಾವು ಮಾಡಿದ ತಪ್ಪುಗಳನ್ನಾದರೂ ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು ಬಟ್ಟೆಯದು. ಬಿಸಿಲಿಗೆಂದು ಟೊಪ್ಪಿಗೆ, ತೆಳು ಅಂಗಿ, ಓಆರ್‌ಎಸ್ ಪೊಟ್ಟಣ ಎಲ್ಲ ಕಟ್ಟಿಕೊಂಡು, ಸ್ವೆಟರ್ ಮಾತ್ರ ಒಬ್ಬರಿಗೊಂದು ಒಯ್ದಿದ್ದೆವು. ಜನವರಿಯಲ್ಲಿ ಆ ಬಯಲಲ್ಲಿ ಬೆಳಿಗ್ಗೆ ಆರಕ್ಕೆ ತೆರೆದ ಜೀಪಿನಲ್ಲಿ ಕೂತರೆ ಗಾಳಿ ಎಲುಬಿಗೇ ಹೊಗುತ್ತದೆ. ಎರಡನೆಯ ದಿನ ನಮ್ಮ ವೈನಿ ಹೋಟೆಲಿನ ರಗ್ಗು ಹೊದ್ದುಕೊಂಡೇ ಸಫಾರಿಗೆ ಬಂದರು. ಕಿವಿ ಮುಚ್ಚುವ ಟೊಪ್ಪಿಗೆ, ಕೈಗವಸು, ಒಳಗೊಂದು ಹೊರಗೊಂದು ಎಂದು ಎರಡು ಪದರ ಬಟ್ಟೆ ಇರಲೇಬೇಕು. ಹನ್ನೊಂದು ಗಂಟೆಗೆ ಎಲ್ಲ ಕಳಚಿ ತೊಡೆಯ ಮೇಲಿಟ್ಟುಕೊಳ್ಳುತ್ತೀರಿ, ಅದು ಬೇರೆ ಮಾತು. ಚಳಿಗೆ ಹೆದರಿ ಬೇಸಿಗೆಗೆ ಮುಂದೂಡುವ ವಿಚಾರವನ್ನೂ ಮಾಡಬೇಡಿ. ನಾವು ಕೊನೆಗೆ ತಂಗಿದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ. ಮಳೆಗಾಲದಲ್ಲಂತೂ ರಣ್ ನೀರಿನಡಿ ಇರುತ್ತದೆ, ಚಿಕ್ಕ ರಣ್‌ನ ಅಭಯಾರಣ್ಯವೂ ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ದಿನಗಳೇ ಸರಿ.

ಎರಡನೆಯ ತಪ್ಪು ದೊಡ್ಡದು. ಪ್ಯಾಕೇಜ್ ಕೊಟ್ಟವರು "ಗೈಡ್ ಸಮೇತ" ಎಂದಿದ್ದರು. ಯಾವ ಗೈಡ್ ಎಂದು ನಾವು ಕೇಳಲಿಲ್ಲ. ಬಂದ ಹುಡುಗ ಒಳ್ಳೆಯವನು, ಹಿಂದಿ ಚೆನ್ನಾಗಿ ಆಡುತ್ತಿದ್ದ, ಆದರೆ ಅವನಿಗೆ ಗೊತ್ತಿದ್ದದ್ದು ಹೋಟೆಲುಗಳು. ಚಿಕ್ಕ ರಣ್ ಪಕ್ಕದ ದಸಾಡಾ ಹತ್ತಿರ ಇಳಿದ ಸಂಜೆ, ಸ್ಥಳೀಯ ಜೀಪಿಗೆ ಬೇರೆ ದುಡ್ಡು ಯಾಕೆ, ನಮ್ಮ ಟೆಂಪೊದಲ್ಲೇ ಅಂಚಿನವರೆಗೆ ಹೋಗಿ ಬರೋಣ ಎಂದ. ರಣ್‌ನ ನೆಲ ಮೇಲೆ ಬಿರುಕು ಬಿಟ್ಟು ಒಣಗಿರುತ್ತದೆ, ಕೆಳಗೆ ಕೆಸರು. ಹೊಸದಾಗಿ ಕಾಯಿಸಿದ ಹಾಲಿನ ಕೆನೆ ನೆನಪಿಸಿಕೊಳ್ಳಿ. ಇನ್ನೂರು ಮೀಟರ್ ಹೋಗುವುದರೊಳಗೆ ಹಿಂದಿನ ಗಾಲಿ ಹೂತಿತು. ಕತ್ತಲಾಯಿತು, ಫೋನಿಗೆ ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಕೊನೆಗೆ ಹಳ್ಳಿಯವರೊಬ್ಬರು ಟ್ರ್ಯಾಕ್ಟರ್ ತಂದು ಎಳೆದರು. ಚಹಾಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ. ಮರುದಿನದಿಂದ ಅದೇ ಊರಿನ ಗೈಡ್ ಒಬ್ಬರನ್ನು ನಾವೇ ಗೊತ್ತುಮಾಡಿಕೊಂಡೆವು. ಪ್ರವಾಸ ಶುರುವಾದದ್ದು ಅಲ್ಲಿಂದಲೇ ಎನ್ನಬೇಕು.

ಹಾಗಾಗಿ ಮುಂಗಡ ಕೊಡುವ ಮೊದಲು ಬಾಯಿಬಿಟ್ಟು ಕೇಳಿ: ರಣ್‌ನಲ್ಲಿ ಯಾರು ಕರೆದೊಯ್ಯುತ್ತಾರೆ, ಅವರ ಮನೆ ಎಲ್ಲಿ, ಸಫಾರಿ ಜೀಪಿನ ಬಾಡಿಗೆ ಮತ್ತು ಅರಣ್ಯ ಇಲಾಖೆಯ ಶುಲ್ಕ ಪ್ಯಾಕೇಜಿನೊಳಗೋ ಹೊರಗೋ. ನಮಗೆ ಎಲ್ಲವೂ ಹೊರಗೇ ಬಿತ್ತು.

ಆ ಊರಿನ ಗೈಡ್ ತೋರಿಸಿದ್ದನ್ನು ಹೇಳುತ್ತೇನೆ. ಮೇಜಿನಂತೆ ಚಪ್ಪಟೆ ನೆಲ, ದೂರದಲ್ಲಿ ನೀರು ಹೊಳೆದಂತೆ ಬಿಸಿಲ್ಗುದುರೆ. ನಡುವೆ ಅಲ್ಲಲ್ಲಿ ಸ್ವಲ್ಪ ಎತ್ತರದ ಹುಲ್ಲುಗಾವಲಿನ ದಿಬ್ಬ, ಅವಕ್ಕೆ ಬೇಟ್ ಅನ್ನುತ್ತಾರೆ. ಮಳೆಗಾಲದಲ್ಲಿ ಸುತ್ತ ನೀರು ನಿಂತಾಗ ಅವೇ ನಡುಗಡ್ಡೆ. ಕಾಡುಕತ್ತೆಗಳು ಮೇಯುವುದು ಅಲ್ಲೇ. ಕತ್ತೆ ಎಂದು ಕೇಳಿ ಮಕ್ಕಳು ಮೂಗು ಮುರಿದಿದ್ದರು. ತಿಳಿ ಕಂದು ಮೈ, ಬಿಳಿ ಹೊಟ್ಟೆ, ಬೆನ್ನುದ್ದ ಕಡುಬಣ್ಣದ ಪಟ್ಟೆ. ಒಂದು ಹಿಂಡು ಜೀಪಿನ ಮುಂದೆ ಅಡ್ಡ ಓಡಿದಾಗ ಯಾರೂ ಮಾತಾಡಲಿಲ್ಲ. 1960ರ ದಶಕದಲ್ಲಿ ರೋಗ ಬಿದ್ದು ಇವು ಕೆಲವೇ ನೂರಕ್ಕೆ ಇಳಿದಿದ್ದವಂತೆ. 2024ರ ಗಣತಿಯಲ್ಲಿ 7,672 ಸಿಕ್ಕಿವೆ. ಅಭಯಾರಣ್ಯದ ವಿಸ್ತಾರ ಸುಮಾರು 4,950 ಚದರ ಕಿಲೊಮೀಟರ್. ಅಷ್ಟು ಜಾಗದಲ್ಲಿ ಪ್ರಾಣಿ ಕಾಣಬೇಕಾದರೆ ಜೀಪ್ ಓಡಿಸುತ್ತಲೇ ಇದ್ದರೆ ಆಗದು. ಗೈಡ್ ಎಂಜಿನ್ ಆರಿಸಿ ಒಂದು ಬೇಟ್ ಪಕ್ಕ ನಲವತ್ತು ನಿಮಿಷ ಕೂಡಿಸಿದರು. ನರಿ, ನೀಲಗಾಯ್, ದೂರದ ನೀರಿನಲ್ಲಿ ಗುಲಾಬಿ ಗೆರೆ ಎಳೆದಂತೆ ರಾಜಹಂಸಗಳು. ಕೂತದ್ದರಿಂದಲೇ ಎಲ್ಲ ಸಿಕ್ಕವು.

ಉಪ್ಪು ತೆಗೆಯುವ ಅಗರಿಯಾ ಜನರ ಉಪ್ಪಿನ ಮಡಿಗಳಿಗೆ ಹೋಗುವುದನ್ನು ಬಿಡಬೇಡಿ. ಮಳೆ ಹಿಂದೆ ಸರಿದ ಮೇಲೆ ಇಡೀ ಸಂಸಾರ ಇಲ್ಲಿಗೆ ಬಂದು, ಬಾವಿ ತೋಡಿ, ನೆಲದಡಿಯ ಉಪ್ಪುನೀರನ್ನು ಮಡಿಗೆ ಬಿಟ್ಟು, ಬೇಸಿಗೆವರೆಗೆ ಹರಳು ಕಟ್ಟಿಸುತ್ತಾರೆ. ಮೊದಲು ಡೀಸೆಲ್ ಪಂಪಿಗೇ ದುಡಿಮೆಯ ಬಹುಪಾಲು ಹೋಗುತ್ತಿತ್ತು, ಈಗ ಸೌರಪಂಪುಗಳು ಕಾಣುತ್ತವೆ. ನಾವು ಹೋದ ಗುಡಿಸಲಿನ ತಾಯಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ವೈನಿ ಪಕ್ಕ ಕೂತು ತಾವೂ ಎರಡು ಬಡಿದರು. ನಾವು ಒಯ್ದಿದ್ದ ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿ ಅವರಿಗೆ ಕೊಟ್ಟೆವು. ಮುರಿದು ನೋಡಿ, ಇದು ಎಷ್ಟು ದಿನದ್ದು ಎಂದು ಕೇಳಿದರು. ಎಂಟು ದಿನದ್ದು ಅಂದಾಗ ನಕ್ಕರು. ನೀವೂ ಒಯ್ಯಿರಿ. ಗುಜರಾತಿನ ಊಟದ ಸಿಹಿ ನಮ್ಮ ನಾಲಿಗೆಗೆ ಮೂರನೆಯ ದಿನಕ್ಕೇ ಸಾಕಾಗುತ್ತದೆ.

ಧೋಳಾವೀರಾಕ್ಕೆ ಹೋಗುವ ದಾರಿಯಲ್ಲಿ ಎರಡೂ ಬದಿ ಜಾಲಿಯೋ ಜಾಲಿ. ನಮ್ಮಲ್ಲಿ ಬಳ್ಳಾರಿ ಜಾಲಿ ಅನ್ನುವುದನ್ನು ಅವರು ಗಾಂಡೋ ಬಾವಳ್ ಅನ್ನುತ್ತಾರೆ, ಹುಚ್ಚು ಜಾಲಿ ಎಂದು ಅರ್ಥ. ಉಪ್ಪು ನೆಲ ಹಬ್ಬದಂತೆ ತಡೆಯಲೆಂದು ಹಾಕಿದ ಗಿಡ ಹುಲ್ಲುಗಾವಲನ್ನೇ ನುಂಗಿದೆ. "ಇಷ್ಟು ದೂರ ಬಂದು ಜಾಲಿಗಿಡ ನೋಡೋದೇನು" ಎಂದು ಮಾಮಾ ಗೊಣಗಿದರು. ಧೋಳಾವೀರಾದ ಬಂಡೆ ಕೊರೆದ ನೀರಿನ ಹೊಂಡಗಳ ಮುಂದೆ ಮಾತ್ರ ಗೊಣಗಾಟ ನಿಂತಿತು. ಹರಪ್ಪಾ ಕಾಲದ ಊರು, 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಎರಡು ಹಳ್ಳಗಳ ನಡುವೆ ಊರು ಕಟ್ಟಿ, ಮಳೆಗಾಲದಲ್ಲಷ್ಟೇ ಹರಿಯುವ ಆ ನೀರನ್ನು ಅಣೆಕಟ್ಟಿ ಹೊಂಡದಿಂದ ಹೊಂಡಕ್ಕೆ ತಿರುಗಿಸಿಕೊಂಡಿದ್ದರು. ನಮ್ಮ ಜೊತೆಗಿದ್ದ ಬೀದರಿನ ಬೀಗರು ನೌಬಾದಿನ ಸುರಂಗಬಾವಿಯ ಮಾತು ತೆಗೆದರು, ಬಿಸಿಲಲ್ಲಿ ನಿಂತೇ ಅರ್ಧ ತಾಸು ವಾದ ನಡೆಯಿತು. ಇಲ್ಲಿ ನೆರಳಿಲ್ಲ, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ.

ಧೋಳಾವೀರಾದಿಂದ ಖಾವಡಾ ಕಡೆಗೆ ಈಗ ರಣ್ ಸೀಳಿಕೊಂಡು ರಸ್ತೆ ಆಗಿದೆ. ಸುಮಾರು 30 ಕಿಲೊಮೀಟರ್ ಎರಡೂ ಕಡೆ ಬಿಳಿ. ಫೋಟೊ ತೆಗೆಯುವ ಆಸೆಗೆ ಉಪ್ಪಿನ ಮೇಲೆ ಗಾಡಿ ಇಳಿಸಬೇಡಿ, ನಮ್ಮ ಕಥೆ ಮೇಲೆಯೇ ಇದೆ. ಬಿಳಿ ರಣ್‌ಗೆ ಪರವಾನಗಿ ಬೇಕು, ಗುರುತಿನ ಚೀಟಿಯ ಮೂಲಪ್ರತಿ ಎಲ್ಲರದೂ ಕೈಯಲ್ಲಿರಲಿ. ಬಿಳಿ ರಣ್ ಪಕ್ಕದ ಧೋರಡೋದಲ್ಲಿ ನಡೆಯುವ ರಣ್ ಉತ್ಸವದ ಡೇರೆಗಳು ಹುಣ್ಣಿಮೆಗೆ ದುಬಾರಿ, ಗದ್ದಲವೂ ಹೆಚ್ಚು. ನನಗೆ ಅದು ನಮ್ಮ ಜಾತ್ರೆಗಿಂತ ಬೇರೆ ಅನಿಸಲಿಲ್ಲ. ಹತ್ತಿರದ ಹಳ್ಳಿಯ ಭೂಂಗಾದಲ್ಲಿ ಉಳಿದೆವು, ದುಂಡನೆಯ ಮಣ್ಣಿನ ಮನೆ. 2001ರ ಭೂಕಂಪದಲ್ಲಿ ಎಷ್ಟೋ ಕಾಂಕ್ರೀಟ್ ಮನೆ ಕುಸಿದಾಗ ಇವು ನಿಂತಿದ್ದವು. 1993ರ ಕಿಲ್ಲಾರಿ ಭೂಕಂಪದ ರಾತ್ರಿ ಅಂಗಳದಲ್ಲಿ ಮಲಗಿದ್ದನ್ನು ಮಾಮಾ ಇನ್ನೂ ಹೇಳುತ್ತಾರೆ. ಅವರು ಆ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು.

ಕಾಳೋ ಡುಂಗರ್ ಎಂಬ ಗುಡ್ಡ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಕಛ್‌ನಲ್ಲಿ ಅದೇ ಎತ್ತರದ ಜಾಗ, ಮೇಲೆ ದತ್ತಾತ್ರೇಯನ ಗುಡಿ. ದತ್ತ ಅಂದ ಮೇಲೆ ಗಾಣಗಾಪುರದ ನೆಲದವರು ಬಿಟ್ಟು ಬರುವುದುಂಟೇ. ಅಲ್ಲಿ ಪೂಜೆಯ ಪ್ರಸಾದವನ್ನು ನರಿಗಳಿಗೆ ಇಡುತ್ತಾರೆ. ಹಸಿದ ನರಿಗಳಿಗೆ ದತ್ತ ತನ್ನ ಮೈಯನ್ನೇ ಕೊಟ್ಟ, ಅವು ತಿಂದಂತೆಲ್ಲ ಮೈ ಮತ್ತೆ ಬೆಳೆಯಿತು ಎನ್ನುವುದು ಕಥೆ. ನಮ್ಮಲ್ಲಿ ಭೀಮಾ ತೀರದಲ್ಲಿ ಮಧ್ಯಾಹ್ನ ಮಧುಕರಿ ಬೇಡುವ ಸ್ವಾಮಿ, ಅಲ್ಲಿ ನರಿಗೆ ಉಣಿಸುವ ಸ್ವಾಮಿ. ಅತ್ತೆ ಕೈಮುಗಿದು ನಿಂತವರು ಕತ್ತಲಾದರೂ ಕದಲಲಿಲ್ಲ. ಅವತ್ತು ನರಿ ಬರಲಿಲ್ಲ.

ಭುಜ್‌ನಲ್ಲಿ ಬಟ್ಟೆ ಒಗೆಸಿಕೊಂಡೆವು, ಅಷ್ಟೇ. ಅಲ್ಲಿಂದ ಜೈಸಲ್ಮೇರಿಗೆ 500 ಕಿಲೊಮೀಟರಿಗೂ ಹೆಚ್ಚು. ಆ ಒಂದು ದಿನ ಹನ್ನೊಂದು ಮಂದಿಯ ಸಿಟ್ಟೂ ಹೊರಬಿತ್ತು. ಮಕ್ಕಳು, ವಯಸ್ಸಾದವರು ಇದ್ದರೆ ಬಾಡಮೇರಿನಲ್ಲಿ ಒಂದು ರಾತ್ರಿ ತಂಗಿ. ಒಂದೇ ವಾರದ ರಜೆ ಇದ್ದರೆ ಕಛ್ ಒಂದನ್ನೇ ಮಾಡಿ, ರಾಜಸ್ಥಾನ ಮುಂದಿನ ವರ್ಷಕ್ಕಿರಲಿ.

ಜೈಸಲ್ಮೇರ್ ಎಂದರೆ ಎಲ್ಲರೂ ಸಮ್‌ನ ಮರಳುದಿಬ್ಬ, ಒಂಟೆ, ರಾತ್ರಿಯ ಡೋಲು ಅನ್ನುತ್ತಾರೆ. ಅದೂ ಇರಲಿ. ನಾವು ಹೋದದ್ದು ಎರೆಭೂತ ಎಂಬ ಹಕ್ಕಿಗಾಗಿ. ಅಲ್ಲಿ ಅದಕ್ಕೆ ಗೋಡಾವಣ್ ಎಂದು ಹೆಸರು, ರಾಜಸ್ಥಾನದ ರಾಜ್ಯಪಕ್ಷಿ. ಸುಮಾರು ಮೀಟರ್ ಎತ್ತರದ ಭಾರಿ ಹಕ್ಕಿ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಬಯಲಿನಲ್ಲಿ ಉಳಿದಿರುವುದು ಹೆಚ್ಚೆಂದರೆ ನೂರೈವತ್ತು, ಬಹುಪಾಲು ಇಲ್ಲೇ. ಕಣ್ಣು ಪಕ್ಕಕ್ಕಿರುವುದರಿಂದ ಎದುರಿನ ವಿದ್ಯುತ್ ತಂತಿ ಅದಕ್ಕೆ ಸರಿಯಾಗಿ ಕಾಣದು, ಮೈ ಭಾರವಾದ್ದರಿಂದ ಥಟ್ಟನೆ ತಿರುಗಲೂ ಆಗದು. ಹಾಗೆ ತಗುಲಿ ಸಾಯುತ್ತವೆ. ಮರುಭೂಮಿ ರಾಷ್ಟ್ರೀಯ ಉದ್ಯಾನದ ಸುದಾಸರಿಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ನಮ್ಮ ಪ್ಯಾಕೇಜಿನವರು "ನೂರಕ್ಕೆ ನೂರು ತೋರಿಸ್ತೀವಿ" ಅಂದಿದ್ದರು. ಹಾಗೆ ಅಂದವರನ್ನು ನಂಬಬೇಡಿ. ಮೊದಲ ದಿನ ಚಿಂಕಾರ, ಹದ್ದು, ರಣಹದ್ದು ಕಂಡವು, ಅದು ಕಾಣಲಿಲ್ಲ. ಎರಡನೆಯ ಬೆಳಿಗ್ಗೆ ಗೈಡಿನ ದೂರದರ್ಶಕದಲ್ಲಿ ಅರ್ಧ ಕಿಲೊಮೀಟರ್ ಆಚೆ ಎರಡು. ಬಿಳಿ ಕುತ್ತಿಗೆ ನೀಡಿ ಹುಲ್ಲಿನ ನಡುವೆ ಮೆಲ್ಲಗೆ ನಡೆಯುತ್ತಿದ್ದವು, ಹೊಲದ ಬದು ನೋಡಲು ಬಂದ ಗೌಡರ ಹಾಗೆ.

ಮಾಮಾ ದೂರದರ್ಶಕ ಬಿಟ್ಟುಕೊಡಲೇ ಇಲ್ಲ. "ನಮ್ಮ ಎರಿ ಹೊಲದಾಗ ಇದರ ಮಾತು ನಮ್ಮಪ್ಪ ಹೇಳ್ತಿದ್ದ" ಅಂದರು. ಹೆಸರಲ್ಲೇ ಎರೆ ಇದೆಯಲ್ಲ. ಸೊಲ್ಲಾಪುರದ ಪಕ್ಕದ ನಾನಜ್‌ನಲ್ಲಿ ಇದಕ್ಕೆಂದೇ ಅಭಯಾರಣ್ಯ ಮಾಡಿದ್ದಾರೆ, ಈಗ ಅಲ್ಲಿ ಕಾಣುವುದೇ ಅಪರೂಪ. ನಮ್ಮ ಮನೆಯಿಂದ ನೂರು ಕಿಲೊಮೀಟರ್ ಚಿಲ್ಲರೆ.

ಫಲೋದಿಯಲ್ಲಿ ಹಿಂದಿನ ರಾತ್ರಿಯೇ ತಂಗಿ, ಏಕೆಂದರೆ ಪಕ್ಕದ ಖೀಚನ್‌ನ ಕುರ್ಜಾಗಳು (ಡೆಮೊಯ್ಸೆಲ್ ಕ್ರೇನ್ ಎಂಬ ವಲಸೆ ಹಕ್ಕಿಗಳು) ಕಾಳು ತಿನ್ನಲು ಇಳಿಯುವುದು ಬೆಳಿಗ್ಗೆಯೇ. ನಾವು ಕೊಕ್ಕರೆ ಅಂದದ್ದನ್ನು ಗೈಡ್ ಒಪ್ಪಲಿಲ್ಲ. ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಸಾವಿರಾರು ಹಕ್ಕಿಗಳಿಗೆ ಊರವರು ದಿನಾ ಕಾಳು ಚೆಲ್ಲುತ್ತಾರೆ. 2025ರಲ್ಲಿ ಈ ಜಾಗ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಆಯಿತು. ಮನೆಯ ಮಾಳಿಗೆ ಹತ್ತಲು ಬಿಡುತ್ತಾರೆ. ಸುಮ್ಮನೆ ಕೂತರೆ ಸಾಕು, ಕಿವಿ ತುಂಬುತ್ತದೆ.

ರೈಲಿನ ಮಾತು. ಕಲಬುರಗಿಯಿಂದ ಹುಸೇನ್‌ಸಾಗರ್ ಸಂಜೆ ಹತ್ತಿದರೆ ಬೆಳಗಿನ ಜಾವ ದಾದರ್, ಮುಂಬೈಯಿಂದ ಅಹಮದಾಬಾದಿಗೆ ಹಗಲು ರೈಲುಗಳು ಬೇಕಾದಷ್ಟಿವೆ. ಮರಳುವಾಗ ಜೋಧಪುರದಿಂದ ಬಾಂದ್ರಾ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಜನವರಿಗೆ ಬೇಕಾದರೆ ನವೆಂಬರಿನಲ್ಲೇ ಕೂಡಬೇಕು. ನಮಗೆ ಒಬ್ಬರಿಗೆ ಎಲ್ಲ ಸೇರಿ ಹತ್ತಿರ ಹತ್ತಿರ 38,000 ರೂಪಾಯಿ ಆಯಿತು, ಅದರಲ್ಲಿ ಆರು ಸಾವಿರ ಪ್ಯಾಕೇಜಿನ ಹೊರಗೆ ಬಿದ್ದದ್ದು. ಮರಳುವ ರೈಲು ಸೊಲ್ಲಾಪುರದಲ್ಲಿ ನಿಂತಾಗ ಮಾಮಾ ಎದ್ದು ಕೂತು, ನಾನಜ್ ಯಾವ ದಿಕ್ಕಿಗೆ ಎಂದು ಚಹಾದವನನ್ನು ಕೇಳುತ್ತಿದ್ದರು.