ಮೆತ್ತಿಯ ಮೇಲಿದ್ದ ಹಳೆಯ ಮೋಡೆಮ್

ಕಳೆದ ಮಳೆಗಾಲದಲ್ಲಿ, ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಒಂದು ತೋಟದ ಮನೆಯಲ್ಲಿ, ಇನ್ನು ನಲವತ್ತು ನಿಮಿಷಕ್ಕೆ ಕೆಲಸದ ಸಂದರ್ಶನಕ್ಕೆ ಕೂರಬೇಕಾಗಿದ್ದ ಆ ಮನೆಯ ಮಗಳ ಕಣ್ಣೆದುರಿಗೇ ಮನೆಮನೆಗೆ ಇಂಟರ್ನೆಟ್ ಜೋಡಿಸುವ ಕೆಲಸದ ನಾನು ಅವರ ಫೈಬರ್ ತಂತಿಯನ್ನು ಕತ್ತರಿಸಿದೆ. ಕತ್ತರಿಸುವ ಅಗತ್ಯವೇ ಇರಲಿಲ್ಲ. ದೋಷ ಇದ್ದದ್ದು ಫೈಬರಿನಲ್ಲಲ್ಲ, ಒಂದೂವರೆ ತಿಂಗಳ ಹಿಂದೆ ನಾನೇ ಜೋಡಿಸಿಕೊಟ್ಟಿದ್ದ ಇನ್ನೊಂದು ಪೆಟ್ಟಿಗೆಯಲ್ಲಿ. ಇದನ್ನು ಬರೆಯಲು ಇಷ್ಟು ತಿಂಗಳು ಬೇಕಾಯಿತು.

ಜೂನ್ ಮೊದಲ ವಾರದಲ್ಲಿ ಆ ಮನೆಗೆ ಹೊಸ ಸಂಪರ್ಕ ಕೊಟ್ಟಿದ್ದೆ. ಅಲ್ಲಿಯವರೆಗೆ ಅವರಿಗೆ ತಾಮ್ರದ ತಂತಿಯ ದೂರವಾಣಿ ಮತ್ತು ಅದಕ್ಕೆ ಹೊಂದಿಕೊಂಡ ಹಳೆಯ ಬ್ರಾಡ್‌ಬ್ಯಾಂಡ್ ಮೋಡೆಮ್ ಇತ್ತು. ಕಂಬದಿಂದ ಮನೆಗೆ ಎಳೆದ ಡ್ರಾಪ್ ಕೇಬಲ್ ತೋಟದ ಬದಿಯಿಂದ ಬಂದು ಜಗುಲಿಯ ಗೋಡೆಯನ್ನು ಮುಟ್ಟುತ್ತಿದ್ದುದರಿಂದ ಓಎನ್‌ಟಿಯನ್ನು, ಅಂದರೆ ಫೈಬರಿನ ಬೆಳಕನ್ನು ಇಂಟರ್ನೆಟ್ಟಾಗಿಸಿ ವೈಫೈ ಕೊಡುವ ಪೆಟ್ಟಿಗೆಯನ್ನು, ಜಗುಲಿಯಲ್ಲೇ, ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯ ಕೆಳಗೆ ಕೂರಿಸಿದೆ. ಹಳೆಯ ಕಾಲದ ಮಣ್ಣಿನ ಗೋಡೆಗಳು ಒಂದೂವರೆ ಅಡಿಗಿಂತ ದಪ್ಪವಿರುತ್ತವೆ. 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ, 2.4 ಗಿಗಾಹರ್ಟ್ಸ್ ಹೇಗೋ ನಡುಮನೆಯವರೆಗೆ ಹೋಗುತ್ತದೆ, ಮೆತ್ತಿಯ ಮೇಲೆ ಮಗಳು ಓದಲು ಕೂರುವ ಕೋಣೆಗೆ ಎರಡೂ ತಲುಪಲಿಲ್ಲ. ಆ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡದ ಮೇಲಿನ ಗೇರುಮರದವರೆಗೆ ಹತ್ತಬೇಕು, ಆದ್ದರಿಂದ ಅವರಿಗೆ ಮನೆಯ ವೈಫೈ ಬಿಟ್ಟರೆ ಬೇರೆ ಗತಿಯಿಲ್ಲ. ಹಳೆಯ ಮೋಡೆಮ್ ಚೆನ್ನಾಗಿಯೇ ಇದೆಯಲ್ಲ, ಅದನ್ನು ಮೇಲೆ ಇಟ್ಟು ಉಪಯೋಗಿಸಬಹುದೇ ಎಂದು ಯಜಮಾನರು ಕೇಳಿದರು. ಖಂಡಿತ ಆಗುತ್ತದೆ ಎಂದೆ. ಹೊಸದೊಂದು ಉಪಕರಣವನ್ನು ಕೊಳ್ಳಿಸುವುದಕ್ಕಿಂತ ಇದ್ದದ್ದನ್ನೇ ಬಳಸಿಕೊಡುವುದು ನನಗೆ ಯಾವಾಗಲೂ ಇಷ್ಟದ ಕೆಲಸ.

ಅದನ್ನು ಮಾಡುವ ಕ್ರಮ ನಮ್ಮ ಕೆಲಸದವರಿಗೆಲ್ಲ ಗೊತ್ತಿರುವುದೇ. ಓಎನ್‌ಟಿಯ ಲ್ಯಾನ್ ಪೋರ್ಟಿನಿಂದ ಹಳೆಯ ಮೋಡೆಮ್ಮಿನ ಲ್ಯಾನ್ ಪೋರ್ಟಿಗೆ ಕೇಬಲ್ ಎಳೆಯಬೇಕು. ಎರಡಕ್ಕೂ 192.168.1.1 ಎಂಬ ಒಂದೇ ವಿಳಾಸ ಇರುವುದರಿಂದ ಹಳೆಯದರ ವಿಳಾಸವನ್ನು 192.168.1.2 ಎಂದು ಬದಲಿಸಬೇಕು. ಎರಡರ ವೈಫೈ ಒಂದಕ್ಕೊಂದು ಅಡ್ಡಬಾರದಂತೆ, ಓಎನ್‌ಟಿ 1ನೇ ಚಾನೆಲ್ಲಿನಲ್ಲಿದ್ದರೆ ಹಳೆಯದನ್ನು 6 ಅಥವಾ 11ಕ್ಕೆ ಹಾಕಬೇಕು. ಮನೆಯವರು ಕೆಳಗೂ ಮೇಲೂ ಓಡಾಡುವಾಗ ಫೋನು ತಾನಾಗಿಯೇ ಹಿಡಿದುಕೊಳ್ಳಲೆಂದು ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಬೇಕು. ಕೊನೆಗೆ ಹಳೆಯದರಲ್ಲಿ ಡಿಎಚ್‌ಸಿಪಿಯನ್ನು, ಅಂದರೆ ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಕೊಡುವ ವ್ಯವಸ್ಥೆಯನ್ನು, ಬಂದ್ ಮಾಡಬೇಕು, ಏಕೆಂದರೆ ಒಂದು ಮನೆಯಲ್ಲಿ ವಿಳಾಸ ಹಂಚುವ ಯಜಮಾನಿಕೆ ಒಂದೇ ಪೆಟ್ಟಿಗೆಗೆ ಇರಬೇಕು.

ವಿಳಾಸ ಬದಲಿಸಿ ಸೇವ್ ಒತ್ತಿದ ಕೂಡಲೇ ಆ ಹಳೆಯ ಮೋಡೆಮ್ ತಾನೇ ರೀಸ್ಟಾರ್ಟ್ ಆಗುತ್ತದೆ, ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಪುಟಕ್ಕೆ ಹೋಗಬೇಕು. ಅದು ರೀಸ್ಟಾರ್ಟ್ ಆಗುತ್ತಿದ್ದ ಆ ಒಂದು ನಿಮಿಷದಲ್ಲಿ ಅವರ ಮನೆಯ ದೂರವಾಣಿಗೆ ಆಫೀಸಿನ ಕರೆ ಬಂತು. ಅಂದಿನ ಮೂರು ಇನ್‌ಸ್ಟಾಲೇಷನ್‌ಗಳಲ್ಲಿ ಎರಡು ಬಾಕಿ ಇವೆ, ಎಲ್ಲಿದ್ದೀರಿ ಎಂದು ಸೂಪರ್‌ವೈಸರ್ ಕೇಳಿದರು. ಫೋನಿಟ್ಟು ಮೆತ್ತಿ ಹತ್ತಿ ನೋಡಿದರೆ ನನ್ನ ಮೊಬೈಲಿನಲ್ಲಿ ವೈಫೈ ತುಂಬಿತ್ತು, ಪುಟಗಳು ತೆರೆಯುತ್ತಿದ್ದವು. ಮುಗಿಯಿತೆಂದು ಭಾವಿಸಿ ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟ್ ಆ್ಯಪ್‌ಗೆ ಹಾಕಿ, ಒಟಿಪಿ ತೆಗೆದುಕೊಂಡು ಹೊರಟೆ. ನನ್ನ ಮೊಬೈಲು ಕೆಳಗಿದ್ದಾಗಲೇ ಓಎನ್‌ಟಿಯಿಂದ ವಿಳಾಸ ಪಡೆದಿತ್ತು, ಮೇಲೆ ಹತ್ತಿದಾಗ ಅದೇ ವಿಳಾಸವನ್ನು ಇಟ್ಟುಕೊಂಡಿತ್ತು, ಆದ್ದರಿಂದಲೇ ಎಲ್ಲ ಸರಿಯಿದ್ದಂತೆ ಕಂಡಿತು. ಡಿಎಚ್‌ಸಿಪಿ ಬಂದ್ ಆಗಿರಲಿಲ್ಲ.

ಮೊದಲ ದೂರು ಜೂನ್ ಕೊನೆಯಲ್ಲಿ ಬಂತು. ನಮ್ಮ ಆ್ಯಪಿನಲ್ಲಿ ದೂರು ಎಂದರೆ ಮೂರು ಪದ: ಆಗಾಗ ನೆಟ್ ಹೋಗುತ್ತದೆ. ಅದಕ್ಕೂ ಮೊದಲು ಕಾಲ್ ಸೆಂಟರಿನವರು ಮೂರು ಸಲ ಮೋಡೆಮ್ ರೀಸ್ಟಾರ್ಟ್ ಮಾಡಿಸಿ ಮೂರು ಸಲವೂ ಟಿಕೆಟ್ ಮುಚ್ಚಿದ್ದರು. ನಾನು ಹೋದ ಮಧ್ಯಾಹ್ನ ನೆಟ್ ಸರಿಯಾಗಿಯೇ ಇತ್ತು. ಫೈಬರಿನ ಬೆಳಕನ್ನು ಅಳೆಯುವ ಪವರ್ ಮೀಟರ್ ಇಟ್ಟರೆ ಮೈನಸ್ 24.8 ಡಿಬಿಎಂ. ನಮ್ಮ ಓಎನ್‌ಟಿ ಮೈನಸ್ 27ರವರೆಗೆ ತಡೆಯುತ್ತದೆ, ಹಾಗಾಗಿ ಅದು ಕೆಟ್ಟ ಅಂಕಿಯೇನಲ್ಲ, ಆದರೆ ಜೂನ್‌ನಲ್ಲಿ ಹಾಕಿದಾಗ ಮೈನಸ್ 22ರ ಆಸುಪಾಸಿನಲ್ಲಿದ್ದದ್ದು ನನಗೆ ನೆನಪಿತ್ತು. ಮೂರು ಡಿಬಿ ಇಳಿಯಿತೆಂದರೆ ಬೆಳಕು ಅರ್ಧಕ್ಕೆ ಬಂತೆಂದು ಅರ್ಥ. ಮಳೆಗೆ ಎಲ್ಲೋ ನೀರು ಸೇರುತ್ತಿದೆ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ. ಎರಡನೆಯ ಸಲ ಹೋದಾಗ ಕಂಬದ ಮೇಲಿನ ಬಾಕ್ಸ್ ಬಿಚ್ಚಿದರೆ ನಿಜಕ್ಕೂ ಒಳಗೆ ನೀರಿತ್ತು. ಒರೆಸಿ, ಕನೆಕ್ಟರುಗಳನ್ನು ಸ್ಪಿರಿಟ್‌ನಲ್ಲಿ ಶುಚಿ ಮಾಡಿ, ಬಾಕ್ಸಿನ ರಬ್ಬರ್ ಬದಲಿಸಿ ಬಂದೆ. ನೀರು ಸಿಕ್ಕಿದ್ದರಿಂದ ನನ್ನ ತೀರ್ಮಾನ ಇನ್ನಷ್ಟು ಗಟ್ಟಿಯಾಯಿತು.

ಆ ಎರಡೂ ದಿನ ಮನೆಯ ಅಮ್ಮ ಕಾಫಿ ಲೋಟ ಕೈಗೆ ಕೊಡುತ್ತಾ ಒಂದೇ ಮಾತು ಹೇಳಿದ್ದರು. ‘ಕರೆಂಟು ಹೋಗಿ ಬಂದ ದಿನ ಮಾತ್ರ ಹೀಗಾಗ್ತದೆ ತಮಾ, ಬೇರೆ ದಿನ ಏನೂ ತೊಂದರೆ ಇಲ್ಲ.’ ಮಳೆ ಬಂದ ದಿನವೇ ಕರೆಂಟೂ ಹೋಗುತ್ತದಲ್ಲ ಅಮ್ಮ, ಅದಕ್ಕೇ ಹಾಗೆ ಕಾಣುತ್ತದೆ ಎಂದು ನಾನು ಎರಡು ಸಲವೂ ಸಮಾಧಾನ ಹೇಳಿದೆ. ಅವರು ಸುಮ್ಮನಾದರು. ಒಂಬತ್ತು ವರ್ಷ ತಂತಿಯ ಕೆಲಸ ಮಾಡಿದವನಿಗೆ ತಂತಿಯಲ್ಲೇ ದೋಷ ಕಾಣುತ್ತದೆ, ನನ್ನ ಚೀಲದಲ್ಲಿದ್ದ ಮೀಟರು ಬೆಳಕನ್ನು ಅಳೆಯುತ್ತದೆಯೇ ಹೊರತು ವಿಳಾಸವನ್ನಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಮಗಳೇ ಕರೆ ಮಾಡಿದರು. ಎಂಟಕ್ಕೆ ಕರೆಂಟು ಹೋಗಿ ಒಂಬತ್ತಕ್ಕೆ ಬಂದಿದೆ, ವೈಫೈ ಇದೆ, ನೆಟ್ ಇಲ್ಲ, ಹನ್ನೊಂದಕ್ಕೆ ಸಂದರ್ಶನ ಇದೆ ಎಂದರು. ನಾನು ಮನೆ ಮುಟ್ಟಿದಾಗ ಹತ್ತು ಗಂಟೆ ದಾಟಿತ್ತು. ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಓಎನ್‌ಟಿಯಲ್ಲಿ ಪಾನ್ ದೀಪ ಹಸಿರು, ಇಂಟರ್ನೆಟ್ ದೀಪವೂ ಹಸಿರು. ಆ ಎರಡು ದೀಪಗಳನ್ನು ನಂಬಿದ್ದರೂ ಸಾಕಿತ್ತು, ಬೆಳಕು ಬರುತ್ತಿದೆ, ಲಾಗಿನ್ ಆಗಿದೆ, ತೊಂದರೆ ಮನೆಯೊಳಗಿದೆ ಎಂದು ಅವು ಹೇಳುತ್ತಿದ್ದವು. ನಾನು ಮೀಟರ್ ಇಟ್ಟೆ. ಮೈನಸ್ 25.3. ಕನೆಕ್ಟರೇ ಹೋಗಿದೆ, ಹೊಸದು ಹಾಕಲು ಹತ್ತು ನಿಮಿಷ ಸಾಕು ಎಂದು ಹೇಳಿ, ಹತ್ತು ಇಪ್ಪತ್ತಕ್ಕೆ ಕತ್ತರಿ ಹಾಕಿದೆ.

ಜಗುಲಿಯ ಬೆಳಕು ಮೋಡದಿಂದಾಗಿ ಸಂಜೆಯಷ್ಟು ಮಂಕಾಗಿತ್ತು, ಕೈಗಳು ರೇನ್‌ಕೋಟಿನ ತೇವದಿಂದ ಇನ್ನೂ ಒಣಗಿರಲಿಲ್ಲ. ಸಿಪ್ಪೆ ಸುಲಿದು, ಒರೆಸಿ, ಕ್ಲೀವರಿನಲ್ಲಿ ಕತ್ತರಿಸಿ, ಹಸಿರು ಕನೆಕ್ಟರ್ ಹಾಕಿ ಓಎನ್‌ಟಿಗೆ ಚುಚ್ಚಿದರೆ ಬೆಳಕು ಸಿಗುತ್ತಿಲ್ಲ ಎಂದು ಹೇಳುವ ಎಲ್‌ಒಎಸ್ ದೀಪ ಕೆಂಪಗೆ ಮಿನುಗಿತು. ಎರಡು ನಿಮಿಷ ಕಾದೆ, ಕೆಂಪು ಹೋಗಲಿಲ್ಲ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ತುದಿ ನೇರವಾಗಿ ಮುರಿಯದಿದ್ದರೆ ಹೀಗೇ ಆಗುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಗೋಡೆಯ ಬಳಿ ಸುತ್ತಿಟ್ಟಿದ್ದ ಕೇಬಲ್ ಇನ್ನೊಂದು ಕತ್ತರಿಗೆ ಮಾತ್ರ ಸಾಕಾಗುವಷ್ಟಿತ್ತು. ಆ ಎರಡನೆಯ ಸಲ ಎಳೆಯನ್ನು ಹಿಡಿದ ನನ್ನ ಬೆರಳು ನಡುಗುತ್ತಿತ್ತು, ನಡುಗುವುದು ಮಗಳಿಗೆ ಕಾಣುತ್ತಿತ್ತು, ಆದರೂ ಅವರು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಹತ್ತು ನಲವತ್ತಾರಕ್ಕೆ ಪಾನ್ ಹಸಿರಾಯಿತು, ಮತ್ತೊಂದು ನಿಮಿಷಕ್ಕೆ ಇಂಟರ್ನೆಟ್ ದೀಪವೂ ಹಸಿರಾಯಿತು. ಮೀಟರಿನಲ್ಲಿ ಮೈನಸ್ 22.1. ‘ಬಂತು, ನೋಡಿ’ ಎಂದೆ.

ಅವರು ಮೇಲೆ ಓಡಿಹೋಗಿ ಅರ್ಧ ನಿಮಿಷಕ್ಕೆ ವಾಪಸು ಬಂದರು. ಲ್ಯಾಪ್‌ಟಾಪಿನಲ್ಲಿ ವೈಫೈ ಇತ್ತು, ನೆಟ್ ಇರಲಿಲ್ಲ.

ಹೊಟ್ಟೆಯಲ್ಲಿ ತಣ್ಣಗಾಯಿತು. ಆ ಹೊತ್ತಿಗೆ ನನಗೆ ಗೊತ್ತಿದ್ದ ಉಪಾಯಗಳೆಲ್ಲ ಮುಗಿದಿದ್ದವು, ಉಳಿದದ್ದು ಕಾಲ್ ಸೆಂಟರಿನವರು ಹೇಳುವ ರೀಸ್ಟಾರ್ಟ್ ಒಂದೇ. ಸ್ವಿಚ್ಚಿಗೆ ಕೈ ಹಾಕಿದವನು ತಲೆ ಎತ್ತಿದಾಗ ಕ್ಯಾಲೆಂಡರ್ ಕಣ್ಣ ಮುಂದೆಯೇ ಇತ್ತು. ಅದರಲ್ಲಿ ತೋಟದ ಆಳುಗಳ ಹಾಜರಿ, ಔಷಧಿ ಹೊಡೆದ ದಿನ, ಗ್ಯಾಸ್ ಬಂದ ದಿನ ಎಲ್ಲವನ್ನೂ ಅಮ್ಮ ಬರೆದಿಡುತ್ತಿದ್ದರು. ಜುಲೈ ಹಾಳೆಯಲ್ಲಿ ಐದು ಚೌಕಗಳಲ್ಲಿ ‘ಕರೆಂಟಿಲ್ಲ’ ಎಂದಿತ್ತು, ಆ ಐದರಲ್ಲಿಯೂ ಅದರ ಕೆಳಗೆ ‘ನೆಟ್ಟಿಲ್ಲ’ ಎಂದಿತ್ತು. ಮಳೆ ಹಿಡಿದಿದ್ದರಿಂದ ಕೆಲಸ ನಿಂತಿತು ಎಂದು ಬರೆದ ಇನ್ನೂ ನಾಲ್ಕು ದಿನಗಳಿದ್ದವು, ಕರೆಂಟು ಇದ್ದ ಆ ನಾಲ್ಕು ದಿನ ನೆಟ್ಟಿನ ಮಾತೇ ಇರಲಿಲ್ಲ. ಹಿಂದೆ ಎರಡು ಸಲ ಈ ಹಾಳೆಯ ಕೆಳಗೇ ಕುಳಿತು ಕೆಲಸ ಮಾಡಿದ್ದೆ. ‘ಮೇಲಿನ ಮೋಡೆಮ್ ಇನ್ವರ್ಟರ್ ಲೈನಿಗೆ ಇದೆಯಾ ಅಮ್ಮ?’ ಎಂದು ಕೇಳಿದೆ. ‘ಹೌದು, ಲ್ಯಾಪ್‌ಟಾಪಿಗೆ ಅಂತ ಆ ಕೋಣೆಗೆ ಕೊಟ್ಟಿದ್ದೇವೆ. ಜಗುಲಿಯಲ್ಲಿ ದೀಪಕ್ಕೆ ಮಾತ್ರ’ ಎಂದರು.

ಆಗ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಕರೆಂಟು ಹೋದಾಗ ಜಗುಲಿಯ ಓಎನ್‌ಟಿ ಆರುತ್ತದೆ, ಮೆತ್ತಿಯ ಹಳೆಯ ಮೋಡೆಮ್ ಇನ್ವರ್ಟರಿನಲ್ಲಿ ಉರಿಯುತ್ತಲೇ ಇರುತ್ತದೆ. ಹೆಸರೂ ಪಾಸ್‌ವರ್ಡೂ ಒಂದೇ ಆದ್ದರಿಂದ ಮನೆಯ ಫೋನು, ಲ್ಯಾಪ್‌ಟಾಪುಗಳೆಲ್ಲ ಅದಕ್ಕೆ ಅಂಟಿಕೊಂಡು ವಿಳಾಸ ಕೇಳುತ್ತವೆ, ಡಿಎಚ್‌ಸಿಪಿ ಚಾಲೂ ಇರುವುದರಿಂದ ಅದು ವಿಳಾಸ ಕೊಟ್ಟು, ಹೊರಗೆ ಹೋಗುವ ದಾರಿ ನಾನೇ ಎಂದೂ ಹೇಳಿಬಿಡುತ್ತದೆ. ಅದರ ಹಿಂದಿನ ತಾಮ್ರದ ತಂತಿಯನ್ನು ಜೂನ್‌ನಲ್ಲೇ ಕಿತ್ತಿದ್ದೇವೆ, ಆ ದಾರಿ ಎಲ್ಲಿಗೂ ಹೋಗುವುದಿಲ್ಲ. ಕರೆಂಟು ಬಂದು ಓಎನ್‌ಟಿ ಎದ್ದರೂ ಲ್ಯಾಪ್‌ಟಾಪು ಮಾತ್ರ ಸಿಕ್ಕಿದ ವಿಳಾಸವನ್ನು ಗಂಟೆಗಟ್ಟಲೆ ಬಿಡುವುದಿಲ್ಲ. ಓಎನ್‌ಟಿಯನ್ನು ನೂರು ಸಲ ರೀಸ್ಟಾರ್ಟ್ ಮಾಡಿದರೂ ಇದು ಸರಿಹೋಗುವಂಥದ್ದಲ್ಲ.

ಮೆಟ್ಟಿಲು ಹತ್ತಿ ಅವರ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಹೊಡೆದೆ. ಡೀಫಾಲ್ಟ್ ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿ, 192.168.1.2 ಎಂದಿತ್ತು. ಆ ಕೊನೆಯ ಎರಡನ್ನು ಹಾಕಿದ್ದು ನನ್ನ ಕೈ. ಹಳೆಯ ಮೋಡೆಮ್ಮಿನ ಪ್ಲಗ್ ಕಿತ್ತು, ಲ್ಯಾಪ್‌ಟಾಪನ್ನು ಜಗುಲಿಗೆ ತಂದು, ಹೊಸ ವಿಳಾಸ ತೆಗೆಸಿ, ಅಕ್ಕಿ ಡಬ್ಬದ ಮೇಲೆ ಮಣೆ ಇಟ್ಟು ಅದರ ಮೇಲೆ ಕೂರಿಸಿದಾಗ ಹನ್ನೊಂದು ಗಂಟೆ ಏಳು ನಿಮಿಷವಾಗಿತ್ತು. ಅವರು ಕ್ಷಮೆ ಕೇಳಿ ಮಾತು ಶುರುಮಾಡಿದರು. ಯಜಮಾನರು ಬಾಗಿಲಲ್ಲಿ ನಿಂತು ತೋಟದಿಂದ ಬರುವವರನ್ನು ಹಿತ್ತಲಿನ ಕಡೆಗೆ ಕಳಿಸುತ್ತಿದ್ದರು, ನಾನು ಕೊಟ್ಟಿಗೆಯ ಮಾಡಿನ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದೆ. ಮುಗಿದ ಮೇಲೆ ಒಳಗೆ ಹೋಗಿ, ಕನೆಕ್ಟರ್ ಹಾಳಾಗಿರಲಿಲ್ಲ, ಜೂನ್‌ನಲ್ಲಿ ನಾನು ಅರ್ಧಕ್ಕೆ ಬಿಟ್ಟ ಕೆಲಸದಿಂದ ಹೀಗಾಯಿತು ಎಂದು ಮೂವರಿಗೂ ಹೇಳಿದೆ. ಮಗಳು ‘ಈಗ ಗೊತ್ತಾಯಿತಲ್ಲ, ಸಾಕು’ ಎಂದರು. ಆ ಕೆಲಸ ಅವರಿಗೆ ಸಿಗಲಿಲ್ಲ. ಏಳು ನಿಮಿಷದಿಂದಲೇ ತಪ್ಪಿತೋ ಇಲ್ಲವೋ ಹೇಳಲಾರೆ, ಅವರೂ ಹಾಗೆ ಹೇಳಲಿಲ್ಲ, ಆದರೆ ನಾನು ಅದನ್ನು ಬೇರ್ಪಡಿಸಿ ಯೋಚಿಸಲಾರೆ.

ಇನ್ನೊಂದು ವಿಷಯ ಬರೆಯಲೇಬೇಕು. ಟಿಕೆಟ್ ಮುಚ್ಚುವಾಗ ಆ್ಯಪಿನಲ್ಲಿ ಕಾರಣ ಆರಿಸಬೇಕು. ಫೈಬರ್ ತುಂಡು, ಕನೆಕ್ಟರ್, ಅಡಾಪ್ಟರ್, ಗ್ರಾಹಕರ ಉಪಕರಣ ಎಂದೆಲ್ಲ ಪಟ್ಟಿ ಇದೆ, ನಮ್ಮ ಜೋಡಣೆಯ ತಪ್ಪು ಎಂಬುದು ಆ ಪಟ್ಟಿಯಲ್ಲಿಲ್ಲ. ಗ್ರಾಹಕರ ಉಪಕರಣ ಎಂಬುದನ್ನೇ ಒತ್ತಬೇಕಾಯಿತು, ಹೀಗೆ ದಾಖಲೆಯಲ್ಲಿ ತಪ್ಪು ಆ ಮನೆಯವರದ್ದಾಗಿದೆ. ಸೂಪರ್‌ವೈಸರಿಗೆ ತಿಳಿಸಿದರೆ ಟಿಕೆಟ್ ಮುಚ್ಚಿತಲ್ಲ, ಬಿಡಿ ಎಂದರು. ಬಿಡುವ ವಿಷಯ ಅದಲ್ಲ. ಕಾರಣವೇ ದಾಖಲಾಗದಿದ್ದರೆ ಇದೇ ತಪ್ಪನ್ನು ಮಾಡುವ ಇನ್ನೊಬ್ಬ ಹುಡುಗನಿಗೆ ಯಾರೂ ಎಚ್ಚರಿಕೆ ಹೇಳುವುದಿಲ್ಲ. ದಿನಕ್ಕೆ ಎಷ್ಟು ಮನೆ ಎಂದು ಎಣಿಸುವವರು, ಓಎನ್‌ಟಿಯ ಪಕ್ಕದಲ್ಲಿ ನಿಂತು ತೆಗೆದ ಸ್ಪೀಡ್ ಟೆಸ್ಟಿನ ಬದಲು, ಮನೆಯ ಮೇನ್ ಸ್ವಿಚ್ ಆರಿಸಿ ಹಾಕಿದ ಮೇಲೆ ತೆಗೆದ ಸ್ಕ್ರೀನ್‌ಶಾಟ್ ಕೇಳಿದ್ದರೂ ಆ ತಪ್ಪು ಜೂನ್‌ನಲ್ಲೇ ಸಿಕ್ಕಿಬೀಳುತ್ತಿತ್ತು. ಈಗ ನಾನು ಯಾರೂ ಕೇಳದಿದ್ದರೂ ಹಾಗೆ ಮಾಡುತ್ತೇನೆ, ಮನೆಯವರದೇ ಫೋನಿನಲ್ಲಿ ವೈಫೈಯನ್ನು ಅಳಿಸಿ ಹೊಸದಾಗಿ ಸೇರಿಸಿ, ಅವರು ಕೂರುವ ಜಾಗದಲ್ಲೇ ನೋಡುತ್ತೇನೆ. ಒಂದು ಮನೆಗೆ ಇಪ್ಪತ್ತು ನಿಮಿಷ ಹೆಚ್ಚಾಗುತ್ತದೆ, ಅದಕ್ಕೆ ಬೈಗುಳವೂ ಬರುತ್ತದೆ.

ಆ ವಾರದ ಭಾನುವಾರ ನಾನೇ ಮತ್ತೆ ಹೋಗಿ ಹಳೆಯ ಮೋಡೆಮ್ಮಿನಲ್ಲಿ ಡಿಎಚ್‌ಸಿಪಿ ಬಂದ್ ಮಾಡಿದೆ, ಊರಿನ ಎಲೆಕ್ಟ್ರಿಷಿಯನ್ ಜಗುಲಿಯ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಎಳೆದುಕೊಟ್ಟರು. ಹಳೆಯ ಪೆಟ್ಟಿಗೆಯ ತಳದಲ್ಲಿ ಅದರ ವಿಳಾಸವನ್ನೂ ‘ಡಿಎಚ್‌ಸಿಪಿ ಬಂದ್’ ಎಂಬುದನ್ನೂ ಬರೆದು ಚೀಟಿ ಅಂಟಿಸಿದೆ. ಸೆಪ್ಟೆಂಬರಿನಲ್ಲಿ ಆ ದಾರಿಯಲ್ಲಿ ಹೋದವನು ಒಳಗೆ ಹೋಗಿ ಆಗಸ್ಟಿನ ಹಾಳೆಯನ್ನು ತಿರುವಿ ನೋಡಿದೆ. ‘ಕರೆಂಟಿಲ್ಲ’ ಎಂದು ಎಂಟು ಕಡೆ ಇತ್ತು. ‘ನೆಟ್ಟಿಲ್ಲ’ ಎಂದು ಒಂದೇ ಕಡೆ ಇತ್ತು, ಅದು ತಿರುವಿನಲ್ಲಿ ಹಲಸಿನ ಮರ ಉರುಳಿ ಡ್ರಾಪ್ ಕೇಬಲ್ ತುಂಡಾದ ದಿನ.