ದೊಡ್ಡಮ್ಮನ ತವರಿನ ಹೆಸರು ಮತ್ತು ಪಿಡಿಎಫ್

ಕಳೆದ ಪುತ್ತರಿಗೆ, ಅಂದರೆ ನಮ್ಮ ಕೊಡವರ ಸುಗ್ಗಿ ಹಬ್ಬಕ್ಕೆ, ಎಲ್ಲರೂ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಸೇರಿದ್ದಾಗ ನಮ್ಮ ಒಕ್ಕದ, ಅಂದರೆ ಮನೆತನದ, ವಂಶಾವಳಿಯನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಗ್ರಾಂಪ್ಸ್ ಅನ್ನೋ, ವಂಶಾವಳಿ ಬರೆದಿಡುವ ಉಚಿತ ತಂತ್ರಾಂಶದಲ್ಲಿ ಎರಡು ಮಳೆಗಾಲ ಕೂತು ತುಂಬಿಸಿದ್ದ ಹೆಸರುಗಳವು. ಎಲ್ಲರಿಗೂ ಖುಷಿಯಾಯಿತು. ಮಾರನೇ ದಿನ ನಾಪೋಕ್ಲಿನ ದೊಡ್ಡಮ್ಮ ಫೋನ್ ಮಾಡಿದರು. ಅವರ ತವರಿನ ಒಕ್ಕದ ಹೆಸರೇ ತಪ್ಪಾಗಿತ್ತು. "ಇದನ್ನ ಎಲ್ಲಿ ತಿದ್ದೋದು?" ಎಂದು ಕೇಳಿದರು.

ಪಿಡಿಎಫ್‌ನಲ್ಲಿ ಸುಲಭವಾಗಿ ತಿದ್ದೋಕೆ ಆಗೋದಿಲ್ಲ. ಯಾವ ಫೋನಿನಲ್ಲಿ ತೆರೆದರೂ ಒಂದೇ ಥರ ಕಾಣಲಿ ಅಂತ ಮಾಡಿದ್ದು ಅದು, ಹಂಚೋಕೆ ಒಳ್ಳೆಯದು. ಕನ್ನಡದ ವಿಷಯದಲ್ಲಿ ಇನ್ನೊಂದು ತೊಂದರೆ ಇದೆ. ಕಣ್ಣಿಗೆ ಒತ್ತಕ್ಷರ ಸರಿಯಾಗೇ ಕಾಣುತ್ತದೆ, ಆದರೆ ಒಳಗೆ ಇರೋದು ಅಕ್ಷರದ ಆಕಾರ ಮತ್ತು ಅದು ಕೂರುವ ಜಾಗ, ಹಾಗಾಗಿ ಒಂದು ಹೆಸರು ಹುಡುಕಿದರೆ ಎಷ್ಟೋ ಸಲ ಸಿಗೋದಿಲ್ಲ, ನಕಲು ಮಾಡಿ ಬೇರೆ ಕಡೆ ಹಾಕಿದರೆ ಅಕ್ಷರಗಳು ಕಲಸಿ ಬರುತ್ತವೆ.

ಈಗ ಗ್ರಾಂಪ್ಸಿನಿಂದ ಮೊದಲು ಓಡಿಟಿ, ಅಂದರೆ ತಿದ್ದಲು ಬರುವ ಬರಹದ ಫೈಲು, ತೆಗೆಯುತ್ತೇನೆ. ಲಿಬ್ರೆ ಆಫೀಸಿನಲ್ಲಿ ತೆರೆದು, ಅಕ್ಷರ 16ಕ್ಕೆ ಏರಿಸಿ, ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು, ಪ್ರಿಂಟ್ ತೆಗೆದು ಪೆನ್ಸಿಲ್ ಜೊತೆ ಹಿರಿಯರ ಕೈಗೆ ಕೊಡೋದು. ನಮ್ಮಲ್ಲಿ ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರಿಗೆ ಗಂಡನ ಒಕ್ಕ ಸೇರುತ್ತದೆ, ಅಲ್ವಾ? ತವರಿನ ಒಕ್ಕವನ್ನೂ ಬರೆದಿಡದೆ ಹೋದರೆ ಅರ್ಧ ಸಂಬಂಧಗಳೇ ಕಾಣೆಯಾಗುತ್ತವೆ. ಇದು ನನಗೆ ಬೇರೆಲ್ಲದಕ್ಕಿಂತ ಮುಖ್ಯ.

ಗೋಡೆಗೆ ಹಾಕುವ ದೊಡ್ಡ ವಂಶವೃಕ್ಷಕ್ಕೆ ಎಸ್‌ವಿಜಿ ಅನ್ನೋ ಚಿತ್ರದ ಫೈಲು ತೆಗೆಯಿರಿ. ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ, 841 x 1189 ಮಿಮೀ ಅಳತೆಯ ಎ0 ಹಾಳೆಗೂ ಸರಿ. ಆದರೆ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರದ ರೂಪವೇ ಬದಲಾಗಿಬಿಡುತ್ತದೆ, ಅದಕ್ಕೆ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಬದಲಾಯಿಸಿಯೇ ಕೊಡಿ. ದೂರದ ಊರುಗಳಲ್ಲಿರೋ ನೆಂಟರಿಗೆ ಎಚ್‌ಟಿಎಂಎಲ್, ಅಂದರೆ ವೆಬ್ ಪುಟಗಳು, ಚೆನ್ನಾಗಿದೆ, ಒಂದು ಹೆಸರು ಒತ್ತಿದರೆ ಅವರ ಮಕ್ಕಳ ಪುಟ ಬರುತ್ತದೆ. ಬದುಕಿರುವವರ ವಿವರ ಮಾತ್ರ ಹೊರಗೆ ಹೋಗದ ಹಾಗೆ ಆಯ್ಕೆ ಮಾಡಿಕೊಳ್ಳಿ.

ಇವೆಲ್ಲ ಬರೀ ವರದಿಗಳು. ಮೂಲ ಮಾಹಿತಿಯನ್ನು ಬೇರೆಯಾಗಿ ಇಡಬೇಕು. ಬೇರೆ ತಂತ್ರಾಂಶಕ್ಕೂ ಒಯ್ಯುವಂತಿರಬೇಕು ಅಂದರೆ ಜೆಡ್‌ಕಾಮ್ ಅನ್ನೋ ವಂಶಾವಳಿ ಫೈಲು, ಅದೂ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ, ಯಾಕಂದ್ರೆ ಜೆಡ್‌ಕಾಮ್‌ನಲ್ಲಿ ಹಿಂದೆ ಬಳಸುತ್ತಿದ್ದ ಆನ್ಸೆಲ್ ಸಂಕೇತದಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಫೋಟೋಗಳು ಜೆಡ್‌ಕಾಮ್ ಫೈಲಿನ ಒಳಗೆ ಬರುವುದಿಲ್ಲ, ಅವಕ್ಕೆ ಗ್ರಾಂಪ್ಸಿನದೇ ಪ್ಯಾಕೇಜು ಮಾಡಿ ಪೆನ್‌ಡ್ರೈವಿಗೆ ಹಾಕಿಡುತ್ತೇನೆ.

ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಹೋದಾಗ ದೊಡ್ಡಮ್ಮ ತಮ್ಮ ಹಾಳೆಗಳನ್ನು ವಾಪಸ್ ಕೊಟ್ಟರು. ತವರಿನ ಹೆಸರು ತಿದ್ದಿದ್ದರು. ಪಕ್ಕದ ಖಾಲಿ ಜಾಗದಲ್ಲಿ, ಚಿಕ್ಕಂದಿನಲ್ಲೇ ತೀರಿಕೊಂಡ ತಮ್ಮ ಇಬ್ಬರು ತಂಗಿಯರ ಹೆಸರನ್ನೂ ಬರೆದಿದ್ದರು.