ನೀರಿನ ಲೆಕ್ಕ ಸರಿಯಿತ್ತು, ತಾಮ್ರದ್ದು ತಪ್ಪಿತ್ತು

ಕೊಪ್ಪಳ ಜಿಲ್ಲೆಯ ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ ಅನಿಲಕ್ಕೆ ಸಂಬಂಧಿಸಿದ ಯಾವ ಉಪಕರಣ ಕೈಕೊಟ್ಟರೂ ಮೊದಲ ಆರೋಪ ಗಂಧಕದ ಮೇಲೆ ಬೀಳುತ್ತದೆ, ಬಹಳ ಸಲ ಅದು ನಿಜವೂ ಆಗಿರುತ್ತದೆ. ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್‌ನಿಂದ ಮೆಥನಾಲ್ ಮಾಡುವ ನಮ್ಮ ಪೈಲಟ್ ಸ್ಕಿಡ್‌ನಲ್ಲಿ (ಸಣ್ಣ ಪ್ರಯೋಗ ಘಟಕದಲ್ಲಿ) ಹೊಸದಾಗಿ ತುಂಬಿದ ತಾಮ್ರದ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ನಿರೀಕ್ಷಿಸಿದ್ದರ ಅರ್ಧದಷ್ಟೂ ಮೆಥನಾಲ್ ಕೊಡದಿದ್ದಾಗ ನಾನೂ ಅದೇ ದಾರಿ ಹಿಡಿದೆ. ಹಾಟ್ ಸ್ಟವ್ (ಊದುಕುಲುಮೆಗೆ ಗಾಳಿ ಕಾಯಿಸುವ ಒಲೆ) ಹೊಗೆಯಿಂದ ಹಿಡಿದ ಇಂಗಾಲದ ಡೈಆಕ್ಸೈಡ್‌ನಲ್ಲಿ ಗಂಧಕ ಉಳಿದಿದೆ ಎಂದು ವರದಿ ಬರೆದು, ಗಂಧಕ ಹೀರುವ ಗಾರ್ಡ್ ಬೆಡ್ ಬದಲಿಸಲು ಖರೀದಿ ಇಂಡೆಂಟ್ ಹಾಕಿಸಿದೆ. ಕೋಟಿಗೆ ಒಂದು ಪಾಲು ಗಂಧಕವನ್ನೂ ಈ ತಾಮ್ರ ತಾಳಿಕೊಳ್ಳುವುದಿಲ್ಲವಾದ್ದರಿಂದ ಆ ವರದಿಯನ್ನು ಯಾರೂ ಪ್ರಶ್ನಿಸಲಿಲ್ಲ.

ಕ್ಯಾಟಲಿಸ್ಟ್ ಕೆಟ್ಟದ್ದು ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಕ್ಕೂ ಮೊದಲೇ, ರಿಡಕ್ಷನ್ (ತಾಮ್ರದ ಆಕ್ಸೈಡನ್ನು ಹೈಡ್ರೋಜನ್‌ನಿಂದ ಲೋಹವಾಗಿಸುವುದು) ಮಾಡಿದ ರಾತ್ರಿಯಲ್ಲಿ. ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿ ನಾನೇ ಇದ್ದೆ.

ತಾಮ್ರ, ಸತು, ಅಲ್ಯುಮಿನಾ ಸೇರಿದ ಈ ಕ್ಯಾಟಲಿಸ್ಟ್ ಹೊಸದೇನಲ್ಲ. 1966ರಲ್ಲಿ ಐಸಿಐ ಕಂಪನಿ ಕಡಿಮೆ ಒತ್ತಡದ ಮೆಥನಾಲ್ ವಿಧಾನಕ್ಕೆ ತಂದದ್ದು ಇದೇ ಜಾತಿಯದ್ದು. ಕಪ್ಪು ಗುಳಿಗೆಗಳಾಗಿ ಡ್ರಮ್ಮಿನಲ್ಲಿ ಬರುವಾಗ ತಾಮ್ರವು ಆಕ್ಸೈಡ್ ರೂಪದಲ್ಲಿರುತ್ತದೆ. ರಿಯಾಕ್ಟರಿಗೆ ತುಂಬಿದ ಮೇಲೆ ನೈಟ್ರೋಜನ್‌ನಲ್ಲಿ ಶೇ. 1ರಷ್ಟು ಹೈಡ್ರೋಜನ್ ಬೆರೆಸಿ, ನಿಧಾನವಾಗಿ ಬಿಸಿ ಏರಿಸಿ, ಅದನ್ನು ಲೋಹದ ತಾಮ್ರವಾಗಿಸಬೇಕು. ಹೀಗೆ ಹುಟ್ಟುವ ತಾಮ್ರದ ಕಣ ಸುಮಾರು ಹತ್ತು ನ್ಯಾನೋಮೀಟರಿನಷ್ಟೇ ಇರುತ್ತದೆ, ಮೆಥನಾಲ್ ಹುಟ್ಟುವುದು ಆ ಕಣಗಳ ಮೈಮೇಲೆ, ಅವು ಸತುವಿನ ಆಕ್ಸೈಡನ್ನು ತಾಗಿರುವ ಕಡೆ. 300 ಡಿಗ್ರಿಯತ್ತ ಹೋದರೆ ಕಣಗಳು ಒಂದಕ್ಕೊಂದು ಕೂಡಿಕೊಂಡು ದಪ್ಪಗಾಗುತ್ತವೆ, ಆಮೇಲೆ ಅವನ್ನು ಬಿಡಿಸುವ ಉಪಾಯವಿಲ್ಲ.

ರಿಡಕ್ಷನ್ ತಾನಾಗಿಯೇ ಶಾಖ ಕೊಡುವ ಕ್ರಿಯೆ. ಶಾಖ ಹೊರಗೆ ಹೋಗದಿದ್ದರೆ, ಶೇ. 1 ಹೈಡ್ರೋಜನ್ ಪೂರ್ತಿ ಖರ್ಚಾದಾಗ ಅನಿಲದ ಉಷ್ಣತೆ ಹೆಚ್ಚುಕಡಿಮೆ 28 ಡಿಗ್ರಿ ಏರುತ್ತದೆ. ಶೇ. 4 ಆದರೆ 110 ಡಿಗ್ರಿ ದಾಟುತ್ತದೆ. ಈ ಲೆಕ್ಕವನ್ನು ತರಬೇತಿಗೆ ಬಂದ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುವವನು ನಾನೇ.

ಅಂದು ನಡುರಾತ್ರಿ ಕಳೆದು ಎರಡರ ಸುಮಾರಿಗೆ, ಬೆಡ್ಡನ್ನು (ರಿಯಾಕ್ಟರಿನಲ್ಲಿ ತುಂಬಿದ ಗುಳಿಗೆಗಳ ರಾಶಿಯನ್ನು) 185 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಟ್ಟಿದ್ದಾಗ, ಫೀಲ್ಡಿನಲ್ಲಿದ್ದ ಹಿರಿಯ ಆಪರೇಟರ್ ವಾಕಿಟಾಕಿಯಲ್ಲಿ ಕರೆದರು: “ಸಾರ್, ನಡುವಿನ ಟಿಸಿ ಏರಕತ್ತೈತ್ರಿ.” ಟಿಸಿ ಎಂದರೆ ಬೆಡ್ಡಿನೊಳಗಿನ ಉಷ್ಣತೆ ಅಳೆಯುವ ಥರ್ಮೋಕಪಲ್. ನಾನು ಡಿಸಿಎಸ್, ಅಂದರೆ ಕಂಟ್ರೋಲ್ ಕಂಪ್ಯೂಟರಿನ ಪರದೆ ನೋಡಿದೆ. ಬೆಡ್ ಉಷ್ಣತೆ 214 ಎಂದು ತೋರಿಸುತ್ತಿತ್ತು, ಅಲಾರಂ ಇದ್ದದ್ದು 240ಕ್ಕೆ. ಹೈಡ್ರೋಜನ್ ಹರಿವು ಇಟ್ಟಲ್ಲಿಯೇ ಇತ್ತು, ರಿಡಕ್ಷನ್‌ನಲ್ಲಿ ಹುಟ್ಟಿ ಕ್ಯಾಚ್‌ಪಾಟಿಗೆ (ನೀರು ಹಿಡಿಯುವ ಪಾತ್ರೆಗೆ) ಇಳಿಯುವ ನೀರೂ ಎಂದಿನ ವೇಗದಲ್ಲಿಯೇ ಇತ್ತು. ಲೋಕಲ್ ಇಂಡಿಕೇಟರಿನ ವೈರು ಸಡಿಲಾಗಿರಬೇಕು, ಬೆಳಿಗ್ಗೆ ಇನ್‌ಸ್ಟ್ರುಮೆಂಟಿನವರಿಗೆ ಹೇಳೋಣ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕರೆದು, “ವೈರು ಅಲ್ರಿ ಸಾರ್, ಪೈಪಿನ ಬಲ್ಲಿ ನಿಂದ್ರಕ ಆಗವಲ್ದು” ಎಂದರು. ನನ್ನ ಪರದೆಯಲ್ಲಿ ಆಗ 222 ಇತ್ತು. ಅದನ್ನೇ ನೋಡುತ್ತ, ಇನ್ನೂ ಹದಿನೆಂಟು ಡಿಗ್ರಿ ಅವಕಾಶವಿದೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವರು ನನ್ನ ಅಪ್ಪಣೆಗೆ ಕಾಯದೆ ಹೈಡ್ರೋಜನ್ ವಾಲ್ವನ್ನು ಕೈಯಾರೆ ಮುಚ್ಚಿದ್ದರು.

ಆ 222 ಎಂಬುದು ಸರಾಸರಿ. ಮೇಲಿನ ಟಿಸಿ 186, ನಡುವಿನದು 291, ಕೆಳಗಿನದು 190. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದ ಅಂಕೆಯನ್ನು ‘ಬೆಡ್ ಉಷ್ಣತೆ’ ಎಂಬ ಹೆಸರಿನಲ್ಲಿ ಮೊದಲ ಪುಟದಲ್ಲಿ ದೊಡ್ಡದಾಗಿ ಹಾಕಿಕೊಟ್ಟಿದ್ದರು, ಅಲಾರಂ ಕಟ್ಟಿದ್ದೂ ಅದಕ್ಕೇ. ಬಿಡಿಬಿಡಿ ಅಂಕೆಗಳು ಮೂರನೆಯ ಪುಟದಲ್ಲಿದ್ದವು. ಹೈಡ್ರೋಜನ್ ಒಂದು ಲೀಟರೂ ಹೆಚ್ಚಾಗಿರಲಿಲ್ಲ, ಶಾಖವನ್ನು ಹೊತ್ತೊಯ್ಯಬೇಕಾದ ನೈಟ್ರೋಜನ್ ಕಾಲುಭಾಗಕ್ಕೆ ಇಳಿದಿತ್ತು. ಊದುಕುಲುಮೆಗೆ ಕಲ್ಲಿದ್ದಲ ಪುಡಿ ಊದುವ ವಿಭಾಗವೂ ನಾವೂ ಒಂದೇ ನೈಟ್ರೋಜನ್ ಹೆಡರಿನ (ಮುಖ್ಯ ಪೈಪಿನ) ಮೇಲೆ ಇದ್ದೇವೆ. ಅವರಿಗೆ ಬೇಕಾದಾಗ ನಮಗೆ ಉಳಿದದ್ದು ಬರುತ್ತದೆ. ಹೈಡ್ರೋಜನ್ ಅಷ್ಟೇ ಇದ್ದು ನೈಟ್ರೋಜನ್ ಕುಸಿದರೆ ಶೇ. 1 ಎನ್ನುವುದು ಶೇ. 4ರ ಹತ್ತಿರ ಹೋಗುತ್ತದೆ, ಮುಂದಿನದು ನಾನು ಬೋರ್ಡಿನ ಮೇಲೆ ಬರೆಯುವ ಲೆಕ್ಕವೇ.

ಬೆಳಗಿನ ಜಾವ ಹೆಡರ್ ಸರಿಹೋದ ಮೇಲೆ ರಿಡಕ್ಷನ್ ಮುಂದುವರಿಸಿ ಮುಗಿಸಿದೆವು. ಹತ್ತು ಕಿಲೋ ಕ್ಯಾಟಲಿಸ್ಟಿನಲ್ಲಿ ಆರು ಕಿಲೋ ತಾಮ್ರದ ಆಕ್ಸೈಡ್ ಇದ್ದರೆ 1.36 ಕಿಲೋ ನೀರು ಬರಬೇಕು, ತೂಕ ಮಾಡಿದಾಗ ಅದರ ಆಸುಪಾಸಿನಲ್ಲಿಯೇ ಬಂತು. ಆ ತೂಕವೇ ನನ್ನ ಕಣ್ಣಿಗೆ ಮಣ್ಣೆರಚಿದ್ದು. ಎಷ್ಟು ತಾಮ್ರ ಹುಟ್ಟಿತು ಎಂಬುದನ್ನು ನೀರು ಹೇಳುತ್ತದೆಯೇ ಹೊರತು ಕಣ ಎಷ್ಟು ದಪ್ಪವಾಯಿತು ಎಂಬುದನ್ನಲ್ಲ. ರಿಡಕ್ಷನ್ ತೃಪ್ತಿಕರ ಎಂದು ಶಿಫ್ಟ್ ವರದಿಗೆ ಸಹಿ ಹಾಕಿದೆ. ಹೆಡರ್ ಒತ್ತಡ ಬಿದ್ದದ್ದು, 291 ಡಿಗ್ರಿ ಮುಟ್ಟಿದ್ದು, ವಾಲ್ವ್ ಮುಚ್ಚಿದ್ದು ಎಲ್ಲವನ್ನೂ ಆಪರೇಟರ್ ಲಾಗ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಗಂಧಕದ ವರದಿ ಬರೆಯುವಾಗ ನಾನು ಆ ಪುಟವನ್ನು ತಿರುವಿ ನೋಡಲೇ ಇಲ್ಲ.

ಗಂಧಕವಾಗಿದ್ದರೆ ಅದು ಅನಿಲ ಒಳಬರುವ ತುದಿಯಿಂದ ತಿನ್ನುತ್ತ ಇಳಿಯಬೇಕಿತ್ತು, ಉತ್ಪಾದನೆಯೂ ಮೊದಲು ಚೆನ್ನಾಗಿದ್ದು ಬರಬರುತ್ತ ಕುಗ್ಗಬೇಕಿತ್ತು. ನಮ್ಮದು ಮೊದಲ ಗಂಟೆಯಿಂದಲೇ ಬಡವಾಗಿತ್ತು. ಕೊನೆಗೆ, ಬೆಡ್ಡನ್ನು ತಣಿಸಿ, ತಾಮ್ರ ಹೊರಗಿನ ಗಾಳಿಗೆ ಕಾವೇರದಂತೆ ನೈಟ್ರೋಜನ್‌ನಲ್ಲಿ ಚೂರುಚೂರೇ ಗಾಳಿ ಬಿಟ್ಟು ಅದರ ಮೈಯನ್ನು ಮೆಲ್ಲಗೆ ಆಕ್ಸೈಡ್ ಆಗಿಸಿ, ಗುಳಿಗೆಗಳನ್ನು ಮೇಲು, ನಡು, ಕೆಳಗು ಎಂದು ಬೇರೆಬೇರೆ ಚೀಲಗಳಲ್ಲಿ ಇಳಿಸಿ ಪರೀಕ್ಷೆಗೆ ಕಳಿಸಿದೆವು. ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಕಣದ ಗಾತ್ರ ತಿಳಿಯುವ ಪರೀಕ್ಷೆ) ಹಾಳೆಯಲ್ಲಿ 43 ಡಿಗ್ರಿ ಕೋನದ ಬಳಿ ಬರುವ ತಾಮ್ರದ ಶಿಖರವು ಮೇಲಿನ ಚೀಲದ ಗುಳಿಗೆಗಳಲ್ಲಿ ಅಗಲವಾಗಿ, ಮೋಟಾಗಿ ಕೂತಿತ್ತು. ನಡುವಿನ ಚೀಲದ್ದು ಸೂಜಿಯ ಹಾಗೆ ಎದ್ದು ನಿಂತಿತ್ತು, ಅಂದರೆ ಕಣಗಳು ಮೂರುಪಟ್ಟು ದಪ್ಪವಾಗಿದ್ದವು. ಗಂಧಕ ಎಲ್ಲಿಯೂ ಸಿಗಲಿಲ್ಲ. ಹೊಸ ಗಾರ್ಡ್ ಬೆಡ್ ಅಷ್ಟರಲ್ಲಿ ಬಂದು ಸ್ಟೋರಿನಲ್ಲಿ ಕೂತಿತ್ತು.

ನೈಟ್ರೋಜನ್ ಹರಿವು ಬಿದ್ದರೆ ಹೈಡ್ರೋಜನ್ ತಾನೇ ನಿಲ್ಲುವಂತೆ ಮಾಡುವ ರೇಶಿಯೋ ಟ್ರಿಪ್ ನಮ್ಮ ಮೊದಲ ಪಟ್ಟಿಯಲ್ಲಿಯೇ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಪರ್ಚೇಸ್ ಕಮಿಟಿಯಲ್ಲಿ ಅದನ್ನು ಹೊಡೆದುಹಾಕಿದರು. ಅದೇ ಸಭೆಯಲ್ಲಿ ಚೀನಾದ ಆನ್ಯಾಂಗ್ ಸ್ಥಾವರದ ಚಿತ್ರ ತೋರಿಸಿದರು. 2022ರಲ್ಲಿ ಶುರುವಾದ, ವರ್ಷಕ್ಕೆ 1,10,000 ಟನ್ ಮೆಥನಾಲ್ ಸಾಮರ್ಥ್ಯದ ಆ ಸ್ಥಾವರವು ಸುಣ್ಣದ ಗೂಡಿನ ಇಂಗಾಲದ ಡೈಆಕ್ಸೈಡ್ ಮತ್ತು ಕೋಕ್ ಓವನ್ ಅನಿಲದ ಹೈಡ್ರೋಜನ್ ಬಳಸುತ್ತದೆ. ಇವೆರಡೂ ನಮ್ಮ ಸೀಮೆಯಲ್ಲಿಯೂ ಇವೆಯಲ್ಲ ಎಂದು ಎಲ್ಲರೂ ಹಿಗ್ಗಿದರು. ಅಲ್ಲಿನ ನೈಟ್ರೋಜನ್ ಲೈನಿಗೆ ಯಾವ ಇಂಟರ್‌ಲಾಕ್ (ಅಪಾಯ ಬಂದಾಗ ತಾನಾಗಿ ನಿಲ್ಲಿಸುವ ಏರ್ಪಾಡು) ಇದೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ. ನೈಟ್ರೋಜನ್ ನಮಗೆ ‘ಯುಟಿಲಿಟಿ’, ಅಂದರೆ ಬಿಟ್ಟಿ ಗಾಳಿ.

ಎರಡನೆಯ ಚಾರ್ಜಿನ, ಅಂದರೆ ಮತ್ತೆ ತುಂಬಬೇಕಾದ ಕ್ಯಾಟಲಿಸ್ಟಿನ ಬೆಲೆಯನ್ನು ಟ್ರಿಪ್ಪಿನ ಬೆಲೆಯ ಪಕ್ಕದಲ್ಲಿ ಬರೆದು ಕಳಿಸಿದ ಮೇಲೆ ಮಂಜೂರಾತಿ ಬಂತು. ಈಗ ಮೂರೂ ಟಿಸಿಗಳಿಗೆ ಬೇರೆಬೇರೆ ಅಲಾರಂ ಇದೆ, ರಿಡಕ್ಷನ್ ಇರುವ ದಿನ ನೈಟ್ರೋಜನ್ ಸಿಲಿಂಡರುಗಳ ಗೊಂಚಲು (ಕ್ವಾಡ್) ಪಕ್ಕದಲ್ಲಿಯೇ ನಿಂತಿರುತ್ತದೆ, ಶಿಫ್ಟ್ ವರದಿಯಲ್ಲಿ ಆಪರೇಟರ್ ಸಹಿ ಇಲ್ಲದೆ ನನ್ನ ಸಹಿ ನಡೆಯುವುದಿಲ್ಲ. ಎರಡನೆಯ ಚಾರ್ಜು ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿ ಓಡುತ್ತಿದೆ. ಆದರೆ ಪ್ರತಿ ಮೆಥನಾಲ್ ಅಣುವಿನ ಜೊತೆ ಒಂದು ನೀರಿನ ಅಣುವೂ ಹುಟ್ಟುವ ಈ ಕ್ರಿಯೆಯಲ್ಲಿ ಆ ಆವಿಯೇ ಕಣಗಳನ್ನು ಮೆಲ್ಲಗೆ ದಪ್ಪಗಾಗಿಸುತ್ತ ಹೋಗುತ್ತದೆ. ಹಾಗಾಗಿ ಅದರ ಆಯಸ್ಸಿನ ಬಗ್ಗೆ ಯಾರಿಗೂ ಮಾತು ಕೊಡುತ್ತಿಲ್ಲ. ಸರಾಸರಿಯ ಅಂಕೆ ಮಾತ್ರ ಇನ್ನೂ ಮೊದಲ ಪುಟದಲ್ಲಿದೆ. ತೆಗೆಯಿರಿ ಎಂದು ವರ್ಕ್ ಆರ್ಡರ್ ಹಾಕಿದರೆ, ಭೇಟಿಗೆ ಬಂದವರಿಗೆ ತೋರಿಸಲು ಒಂದೇ ಅಂಕೆ ಅನುಕೂಲ ಎಂದು ಮೇಲಿನವರು ತಡೆದಿದ್ದಾರೆ; ಸದ್ಯಕ್ಕೆ ರಾತ್ರಿ ಪಾಳಿಯವರು ಅದರ ಮೇಲೆ ಕಾಗದದ ತುಂಡು ಅಂಟಿಸಿ ಕೆಲಸ ಮಾಡುತ್ತಾರೆ.